ಡಿಸೆಂಬರ್ 4ರ ಇನ್ನೊಂದು ದಾಳಿ

ಪ್ರತಿವರ್ಷ ನೌಕಾಪಡೆ ದಿನ ಬಂತೆಂದರೆ ನಮ್ಮ ಪತ್ರಿಕೆ, ಟಿವಿಗಳಲ್ಲಿ ಕರಾಚಿ ಬಂದರು ಮತ್ತೊಮ್ಮೆ ಹೊತ್ತಿ ಉರಿಯುತ್ತದೆ. 1971ರ ಡಿಸೆಂಬರ್ 4ರ ರಾತ್ರಿ ನಿರ್ಘಾತ್, ನಿಪಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಮಾಡಿದ ದಾಳಿಯನ್ನು ಕೇಳದವರಿಲ್ಲ. ಅದು ನೆನಪಿಡಬೇಕಾದ ಸಾಹಸವೇ, ತಕರಾರಿಲ್ಲ. ಆದರೆ ಅದೇ ದಿನ ಬೆಳಗ್ಗೆ 11ರ ಸುಮಾರಿಗೆ ಇತ್ತ ಬಂಗಾಳ ಕೊಲ್ಲಿಯಲ್ಲಿ ಇನ್ನೊಂದು ದಾಳಿ ನಡೆದುಹೋಗಿತ್ತು. ಐಎನ್‌ಎಸ್ ವಿಕ್ರಾಂತ್‌ನ ಡೆಕ್ಕಿನಿಂದ ಮೇಲೆದ್ದ ಎಂಟು ಸೀ ಹಾಕ್ ವಿಮಾನಗಳು ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ವಿಮಾನ ನಿಲ್ದಾಣದ ಮೇಲೆ ಎರಗಿದ್ದವು. ಭಾರತದ ವಿಮಾನವಾಹಕ ನೌಕೆಯೊಂದರಿಂದ ಯುದ್ಧದಲ್ಲಿ ನಡೆದ ಮೊದಲ ವೈಮಾನಿಕ ದಾಳಿ ಇದು. ಎರಡಕ್ಕೂ ತಾರೀಕು ಒಂದೇ. ಒಂದು ಹಬ್ಬವಾಯಿತು, ಇನ್ನೊಂದು ಅದರ ನೆರಳಿಗೆ ಸರಿಯಿತು.

ಈ ದಾಳಿ ನಡೆದದ್ದೇ ಒಂದು ಅಚ್ಚರಿ. ವಿಕ್ರಾಂತ್‌ನ ಜಾತಕ ಅಷ್ಟೇನೂ ಚೆನ್ನಾಗಿರಲಿಲ್ಲ. ಎರಡನೇ ಮಹಾಯುದ್ಧಕ್ಕೆಂದು ಬ್ರಿಟನ್ ಕಟ್ಟಲು ಹಿಡಿದ 'ಹರ್ಕ್ಯುಲಸ್' ಎಂಬ ಹಡಗು 1945ರ ಸೆಪ್ಟೆಂಬರಿನಲ್ಲಿ ನೀರಿಗಿಳಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಕೆಲಸ ಅರ್ಧಕ್ಕೇ ನಿಂತಿತು. ವರ್ಷಗಟ್ಟಲೆ ಹಾಗೇ ಬಿದ್ದಿದ್ದ ಹಡಗನ್ನು 1957ರಲ್ಲಿ ಭಾರತ ಕೊಂಡಿತು. ಬೆಲ್‌ಫಾಸ್ಟ್‌ನಲ್ಲಿ ಉಳಿದ ಕೆಲಸ ಮುಗಿದು 1961ರ ಮಾರ್ಚ್ 4ರಂದು ಅದು ಐಎನ್‌ಎಸ್ ವಿಕ್ರಾಂತ್ ಆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅದರ ಡೆಕ್ಕಿನ ಮೇಲೆ ಮೊದಲ ಜೆಟ್ ಇಳಿಸಿದವರು ಆಗ ಲೆಫ್ಟಿನೆಂಟ್ ಆಗಿದ್ದ ಆರ್.ಎಚ್. ತಹಿಲಿಯಾನಿ. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು.

1965ರ ಯುದ್ಧ ಬಂದಾಗ ವಿಕ್ರಾಂತ್ ಮುಂಬೈಯಲ್ಲಿ ದುರಸ್ತಿಗೆ ನಿಂತಿತ್ತು. ಸಮುದ್ರಕ್ಕೇ ಇಳಿಯದ ಹಡಗನ್ನು ಮುಳುಗಿಸಿಬಿಟ್ಟೆವೆಂದು ಪಾಕಿಸ್ತಾನ ಹೇಳಿಕೊಂಡಿತು. ನಗುವ ಸಂಗತಿಯೇ, ಆದರೆ ಹಡಗಿನವರಿಗೆ ನಗು ಬಂದಿರಲಾರದು. ಇಷ್ಟು ದುಡ್ಡು ಸುರಿದು ತಂದ ಹಡಗು ಯುದ್ಧದ ಹೊತ್ತಿಗೆ ಒದಗದಿದ್ದರೆ ಅದು ಇದ್ದೇನು ಫಲ ಎಂಬ ಪ್ರಶ್ನೆ ಅಲ್ಲಿಂದ ಅದರ ಬೆನ್ನು ಬಿಡಲಿಲ್ಲ.

1971ರಲ್ಲಿ ಮತ್ತೆ ಯುದ್ಧದ ಮೋಡ ಕವಿದಾಗ ಹೊಸ ಗ್ರಹಚಾರ ಕಾದಿತ್ತು: ಬಾಯ್ಲರಿನಲ್ಲಿ ಬಿರುಕು. ಉಗಿಯ ಹಡಗಿಗೆ ಬಾಯ್ಲರ್ ಎಂದರೆ ಬರೀ ವೇಗದ ಮಾತಲ್ಲ. ಡೆಕ್ಕಿನಿಂದ ವಿಮಾನವನ್ನು ಚಿಮ್ಮಿಸುವ ಕೆಟಪಲ್ಟ್‌ಗೂ ಅದೇ ಬಾಯ್ಲರಿನ ಉಗಿ ಬೇಕು. ವಿಮಾನ ಏಳುವಾಗ ಎದುರುಗಾಳಿಯೂ ಬೇಕು. ಗಾಳಿ ಬೀಸದ ದಿನ ಹಡಗೇ ಜೋರಾಗಿ ಓಡಿ ಆ ಗಾಳಿಯನ್ನು ಹುಟ್ಟಿಸಿಕೊಳ್ಳಬೇಕು. ಬಿರುಕಿನ ಬಾಯ್ಲರಿಗೆ ಒತ್ತಡ ಕೊಡುವಂತಿಲ್ಲವಾಗಿ ವಿಕ್ರಾಂತ್‌ನ ವೇಗವನ್ನು ಸುಮಾರು 16 ನಾಟ್‌ಗೆ, ಅಂದರೆ ಗಂಟೆಗೆ 30 ಕಿ.ಮೀ.ಗೆ ಕಟ್ಟಿಹಾಕಬೇಕಾಯಿತು. ಅಷ್ಟು ಓಟದಲ್ಲಿ ತುಂಬಿದ ಬಾಂಬಿನೊಂದಿಗೆ ಜೆಟ್ ಏಳಿಸುವುದು ಹುಡುಗಾಟವಲ್ಲ. ಹಡಗನ್ನು ಬಂದರಿನಲ್ಲೇ ಬಿಡುವುದು ಲೇಸೆಂಬ ಮಾತೂ ದೊಡ್ಡವರ ನಡುವೆ ಎದ್ದಿತ್ತು. ಈ ಸಲವೂ ದಡದಲ್ಲಿ ಕೂತರೆ ವಿಮಾನವಾಹಕ ನೌಕೆಗಳ ಕಥೆ ಮುಗಿದಂತೆಯೇ ಎಂದು ಪಟ್ಟು ಹಿಡಿದವರು ವಿಮಾನ ಹಾರಿಸುವವರೇ. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್.ಎಂ. ನಂದಾ ಆ ಜೂಜಿಗೆ ಒಪ್ಪಿದರು. ವಿಕ್ರಾಂತ್ ಪೂರ್ವ ಕರಾವಳಿಗೆ ಬಂತು.

ಅದನ್ನು ಬೇಟೆಯಾಡಲು ಪಾಕಿಸ್ತಾನ 'ಘಾಜಿ' ಜಲಾಂತರ್ಗಾಮಿಯನ್ನು ಕರಾಚಿಯಿಂದ ಕಳಿಸಿತ್ತು. ಇಲ್ಲಿ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಹೂಡಿದ ಆಟ ಸೊಗಸಾದದ್ದು. ವಿಕ್ರಾಂತ್ ಅಂಡಮಾನಿನ ಕಡೆ ಗುಟ್ಟಾಗಿ ಸರಿದುಹೋಗಿತ್ತು. ಇತ್ತ 'ರಜಪೂತ್' ಎಂಬ ಹಳೆಯ ಹಡಗು ವಿಶಾಖಪಟ್ಟಣದ ಆಚೆ ನಿಂತು ವಿಕ್ರಾಂತ್‌ನ ವೇಷ ಕಟ್ಟಿತು. ದೊಡ್ಡ ಹಡಗೊಂದು ಇಲ್ಲೇ ಇದೆಯೆಂದು ವೈರ್‌ಲೆಸ್ ಸಂದೇಶಗಳನ್ನು ಹರಿಯಬಿಟ್ಟಿತು. ಅವುಗಳಲ್ಲೊಂದು ಗುಪ್ತಲಿಪಿಯನ್ನೇ ಬಳಸದ ಮನೆವಾರ್ತೆ: ವಿಕ್ರಾಂತ್‌ನ ನಾವಿಕನೊಬ್ಬ ಕಾಯಿಲೆ ಬಿದ್ದ ತಾಯಿಯ ಆರೋಗ್ಯ ವಿಚಾರಿಸುವ ತಂತಿ. ಕದ್ದು ಕೇಳುವ ಶತ್ರುವಿಗೆ ಯುದ್ಧದ ಮಾತಿಗಿಂತ ಇಂಥದ್ದೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಘಾಜಿ ವಿಶಾಖಪಟ್ಟಣಕ್ಕೇ ಬಂತು. ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಅಲ್ಲೇ ಮುಳುಗಿತು. ರಜಪೂತ್ ಎಸೆದ ಸಿಡಿಗುಂಡುಗಳಿಂದ ಎಂದು ನಾವೂ, ಒಳಗಿನ ಸ್ಫೋಟದಿಂದಲೋ ತಾನೇ ಹಾಸಿದ ಮೈನ್‌ನಿಂದಲೋ ಎಂದು ಅವರೂ ಇವತ್ತಿಗೂ ವಾದಿಸುತ್ತೇವೆ. ಒಳಗಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಮರುದಿನ ಬೆಳಗ್ಗೆ ವಿಕ್ರಾಂತ್ ಕಾಕ್ಸ್ ಬಜಾರಿನಿಂದ ನೂರು ಕಿಲೋಮೀಟರಿಗೂ ತುಸು ಆಚೆ ಇತ್ತು. ಹಡಗಿನ ನಾಯಕ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್. 'ವೈಟ್ ಟೈಗರ್ಸ್' ಎಂದು ಹೆಸರಾದ 300ನೇ ಸ್ಕ್ವಾಡ್ರನ್ನಿನ ಮುಂದಾಳು ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತಾ. ಒಡನಾಡಿಗಳ ಬಾಯಲ್ಲಿ 'ಗಿಗಿ'. ಅವರ ಸೀ ಹಾಕ್ ಆ ಕಾಲಕ್ಕೇ ಹಳೆಯ ಮಾದರಿ. ಶಬ್ದದ ವೇಗ ದಾಟದ, ರೆಕ್ಕೆ ಮಡಚುವ, ಒಬ್ಬನೇ ಕೂರುವ ವಿಮಾನ. ಬ್ರಿಟನ್ನಿನಿಂದ ಕೊಂಡವು ಸಾಲದೆ ಪಶ್ಚಿಮ ಜರ್ಮನಿ ಬಳಸಿ ಬಿಟ್ಟವನ್ನೂ ತಂದು ಸೇರಿಸಿಕೊಂಡಿದ್ದೆವು.

ಡೆಕ್ಕಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರೆಕ್ಕೆ ಬಿಚ್ಚಿದ ವಿಮಾನವನ್ನು ಕೆಟಪಲ್ಟ್‌ನ ಹಳಿಯ ಮೇಲೆ ತಂದು ನಿಲ್ಲಿಸುತ್ತಾರೆ. ಡೆಕ್ ಸಿಬ್ಬಂದಿ ಅದರ ಹೊಟ್ಟೆಯಡಿ ನುಸುಳಿ ಉಕ್ಕಿನ ಹಗ್ಗದಿಂದ ಅದನ್ನು ಕೆಟಪಲ್ಟ್‌ಗೆ ಕೊಕ್ಕೆ ಹಾಕುತ್ತಾರೆ. ಹಿಂದಿನಿಂದ ಇನ್ನೊಂದು ಕಟ್ಟು ಅದನ್ನು ಹಿಡಿದಿಟ್ಟಿರುತ್ತದೆ. ಪೈಲಟ್ ಎಂಜಿನ್ನನ್ನು ಪೂರ್ತಿ ಕೆರಳಿಸಿ ತಲೆಯನ್ನು ಹಿಂದಿನ ದಿಂಬಿಗೆ ಒತ್ತಿ ಕೈಸನ್ನೆ ಮಾಡುತ್ತಾನೆ. ಅಧಿಕಾರಿಯ ಬಾವುಟ ಕೆಳಗಿಳಿದ ಕೂಡಲೇ ಉಗಿ ನುಗ್ಗುತ್ತದೆ, ಹಿಂದಿನ ಕಟ್ಟು ಪಟ್ಟನೆ ಕಡಿಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ ವಿಮಾನ ನೀರಿನ ಮೇಲೆ. ಉಗಿ ಸಾಲದೆ ಹೋದರೆ ನೀರಿನೊಳಗೆ. ಅಂಥ ಹೊತ್ತಿಗೆಂದೇ ಪಕ್ಕದಲ್ಲೊಂದು ಹೆಲಿಕಾಪ್ಟರ್ ಸದಾ ತೂಗಾಡುತ್ತಿರುತ್ತದೆ. ವಾಪಸು ಬರುವಾಗ ವಿಮಾನದ ಬಾಲದ ಕೊಕ್ಕೆ ಡೆಕ್ಕಿನ ಅಡ್ಡತಂತಿಗಳಲ್ಲೊಂದನ್ನು ಹಿಡಿಯಲೇಬೇಕು. ತಪ್ಪಿದರೆ ಮತ್ತೆ ಹಾರಿ ಸುತ್ತು ಹಾಕಿ ಬರಬೇಕು, ಅಷ್ಟಕ್ಕೆ ಇಂಧನ ಉಳಿದಿದ್ದರೆ. ಬಿರುಕಿನ ಬಾಯ್ಲರ್ ನೆಚ್ಚಿಕೊಂಡು ಇದನ್ನು ದಿನಕ್ಕೆ ಹತ್ತಾರು ಸಲ ಮಾಡಿದರು.

ಬೆಳಗ್ಗೆ ಕಾಕ್ಸ್ ಬಜಾರ್, ಮಧ್ಯಾಹ್ನದ ನಂತರ ಚಿತ್ತಗಾಂಗ್. ಮುಂದಿನ ದಿನಗಳಲ್ಲಿ ಖುಲ್ನಾ, ಮೊಂಗ್ಲಾ. ಹಗಲು ಸೀ ಹಾಕ್‌ಗಳು; ಕತ್ತಲಾದ ಮೇಲೆ 310ನೇ ಸ್ಕ್ವಾಡ್ರನ್ನಿನ ಅಲೀಝೆಗಳು. ಅಲೀಝೆ ಫ್ರಾನ್ಸಿನಲ್ಲಿ ತಯಾರಾದ, ಮೂವರು ಕೂರುವ ಪಂಖದ ವಿಮಾನ. ಜಲಾಂತರ್ಗಾಮಿಗಳನ್ನು ಹುಡುಕಲು ತಂದದ್ದು ಬಾಂಬಿನ ಕೆಲಸವನ್ನೂ ಮಾಡಿತು. ಪೂರ್ವ ಪಾಕಿಸ್ತಾನದ ಸೇನೆಗೆ ಸಮುದ್ರದ ದಾರಿ ಮುಚ್ಚಿಹೋಯಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಗೆ ಸಹಿ ಬಿತ್ತು. ಸ್ವರಾಜ್ ಪ್ರಕಾಶ್ ಮತ್ತು ಗುಪ್ತಾ ಇಬ್ಬರಿಗೂ ಮಹಾವೀರ ಚಕ್ರ ಬಂತು. ಈ ಗೆಲುವಿನ ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ದಾಳಿಯಲ್ಲಿ ಮುಳುಗಿದ ಹಡಗುಗಳು ಮತ್ತು ಪಾಕಿಸ್ತಾನಿ ಪಡೆ ಹಾಸಿಹೋದ ಮೈನ್‌ಗಳನ್ನು ಚಿತ್ತಗಾಂಗ್ ಬಂದರಿನಿಂದ ತೆಗೆಯಲು ಸೋವಿಯತ್ ನೌಕಾಪಡೆಗೆ 1972ರಿಂದ 1974ರವರೆಗೆ ಹಿಡಿಯಿತು. ಹೊಸದಾಗಿ ಹುಟ್ಟಿದ ದೇಶದ ಹೆಬ್ಬಾಗಿಲು ಅದು.

1972ರಲ್ಲಿ ನೌಕಾಪಡೆಯ ಹಿರಿಯ ಅಧಿಕಾರಿಗಳು ಸಭೆ ಸೇರಿ ಇನ್ನು ಮುಂದೆ ಡಿಸೆಂಬರ್ 4 ನಮ್ಮ ದಿನ ಎಂದು ನಿಶ್ಚಯಿಸಿದರು. ಕಾರಣ ಕರಾಚಿ. ಅದರ ನೆಪದಲ್ಲಿ ವಿಕ್ರಾಂತ್‌ನ ವೈಮಾನಿಕರ ದಿನವೂ ಉಳಿಯಿತು ಎನ್ನಬಹುದು. ಉಳಿಯಿತು, ಆದರೆ ಹೆಸರಿಲ್ಲದೆ. ಬ್ರಿಟಿಷ್ ನೌಕಾಪಡೆಯ ವೈಮಾನಿಕ ವಿಭಾಗದವರ ರೀತಿ ಬೇರೆ. 1940ರ ನವೆಂಬರ್ 11ರ ರಾತ್ರಿ 'ಇಲಸ್ಟ್ರಿಯಸ್' ಹಡಗಿನಿಂದ ಹೊರಟ ಬಟ್ಟೆ ಹೊದಿಸಿದ ಎರಡು ಹಂತದ ರೆಕ್ಕೆಯ 21 ಸ್ವೋರ್ಡ್‌ಫಿಶ್ ವಿಮಾನಗಳು ಇಟಲಿಯ ತರಾಂತೊ ಬಂದರಿನಲ್ಲಿ ಮೂರು ಯುದ್ಧನೌಕೆಗಳನ್ನು ಕೆಡವಿದವು. ಎರಡು ವಿಮಾನಗಳು ಮರಳಲಿಲ್ಲ. ಇಂದಿಗೂ ಪ್ರತಿ ನವೆಂಬರಿನಲ್ಲಿ 'ತರಾಂತೊ ನೈಟ್' ಎಂದು ಅವರು ಔತಣ ಸೇರುತ್ತಾರೆ. ಅಲ್ಲಿ ಹಡಗಿಗಿಂತ ಹಾರಿದವರ ಮಾತೇ ಹೆಚ್ಚು.

ನಾವು ನೆನಪಿಟ್ಟದ್ದು ಹಡಗನ್ನು. ಅದನ್ನೂ ನೆಟ್ಟಗೆ ಉಳಿಸಿಕೊಳ್ಳಲಿಲ್ಲ. 1997ರ ಜನವರಿ 31ರಂದು ವಿಕ್ರಾಂತ್ ಸೇವೆಯಿಂದ ನಿವೃತ್ತವಾಯಿತು. ಮುಂಬೈಯಲ್ಲಿ ಕೆಲವು ವರ್ಷ ತೇಲುವ ವಸ್ತುಸಂಗ್ರಹಾಲಯವಾಗಿ ಜನ ಹತ್ತಿ ಇಳಿದರು. ಕಾಯಂ ವ್ಯವಸ್ಥೆಗೆ ದುಡ್ಡು ಹಾಕುವವರು ಸಿಗಲಿಲ್ಲ. ಒಡಲು ತುಕ್ಕು ಹಿಡಿಯಿತು, 2012ರಲ್ಲಿ ಅಪಾಯವೆಂದು ಬಾಗಿಲು ಹಾಕಿದರು, 2014ರಲ್ಲಿ ಹರಾಜು ಕೂಗಿದರು. ಸುಮಾರು 60 ಕೋಟಿ ರೂಪಾಯಿಗೆ ಗುಜರಿಯವರ ಪಾಲಾಯಿತು. ಉಳಿಸಿಕೊಡಿ ಎಂದು ಕೋರ್ಟಿಗೆ ಹೋದವರ ಕೂಗು ಸುಪ್ರೀಂ ಕೋರ್ಟಿನಲ್ಲೂ ನಡೆಯಲಿಲ್ಲ. ಅದೇ ವರ್ಷದ ಕೊನೆಗೆ ಮುಂಬೈಯ ದಾರುಖಾನಾದಲ್ಲಿ ಗ್ಯಾಸ್ ಕಟರ್‌ಗಳು ಕೆಲಸ ಶುರುಮಾಡಿದವು.

ಅದರ ಕಬ್ಬಿಣದ ಒಂದಿಷ್ಟು ಪಾಲಿನಿಂದ ಶಿಲ್ಪಿ ಅರ್ಜಾನ್ ಖಂಬಾಟಾ ರೂಪಿಸಿದ ಸ್ಮಾರಕ 2016ರ ಜನವರಿಯಲ್ಲಿ ಮುಂಬೈಯ ಲಯನ್ ಗೇಟ್ ಬಳಿ ಎದ್ದಿತು. ಇನ್ನೊಂದಿಷ್ಟನ್ನು ಬಜಾಜ್ ಕಂಪನಿ ಕೊಂಡು, ಕರಗಿಸಿ, ಮುಂದಿನ ತಿಂಗಳೇ 'ವಿ' ಹೆಸರಿನ ಬೈಕ್ ಬಿಟ್ಟಿತು. ಯುದ್ಧನೌಕೆಯ ಉಕ್ಕು ಪೆಟ್ರೋಲ್ ಟ್ಯಾಂಕಿನಲ್ಲಿ! ಕೆಲವರಿಗೆ ಇದು ಗೌರವವಾಗಿ ಕಂಡಿತು. ನನಗೆ ವ್ಯಾಪಾರವಾಗಿಯೇ ಕಂಡಿತು. ಆದರೂ ಹಳ್ಳಿಯ ಹುಡುಗರ ಬಾಯಲ್ಲಿ ವಿಕ್ರಾಂತ್‌ನ ಹೆಸರು ಓಡಾಡಿದ್ದು ಆ ಬೈಕಿನಿಂದ ಎಂಬುದನ್ನು ಅಲ್ಲಗಳೆಯಲಾರೆ.

ಹಾರಿದವರ ನೆನಪು ಎಲ್ಲಿ ಉಳಿದಿದೆ? ಒಂದು, ಸ್ಕ್ವಾಡ್ರನ್ನಿನ ಸಂಖ್ಯೆಯಲ್ಲಿ. ಸೀ ಹಾಕ್‌ಗಳು ಹೋಗಿ ಸೀ ಹ್ಯಾರಿಯರ್ ಬಂದವು. 2016ರ ಮೇ ತಿಂಗಳಲ್ಲಿ ಅವೂ ನಿವೃತ್ತವಾಗಿ ಮಿಗ್-29ಕೆ ಬಂದವು. ಆದರೂ ಗೋವಾದ ದಾಬೋಲಿಂನ ಐಎನ್‌ಎಸ್ ಹಂಸ ನೆಲೆಯಲ್ಲಿರುವ ಆ ಸ್ಕ್ವಾಡ್ರನ್ 300ನೆಯದೇ, ಬಿಳಿಹುಲಿಯ ಗುರುತೂ ಅದೇ. ಎರಡು, ಅದೇ ದಾಬೋಲಿಂನ ನೌಕಾ ವಿಮಾನಯಾನ ವಸ್ತುಸಂಗ್ರಹಾಲಯದಲ್ಲಿ. 1998ರಲ್ಲಿ ತೆರೆದ ಈ ಜಾಗದಲ್ಲಿ ಸೀ ಹಾಕ್ ಮತ್ತು ಅಲೀಝೆಗಳನ್ನು ಬಯಲಿನಲ್ಲೇ ನಿಲ್ಲಿಸಿದ್ದಾರೆ. ಅಲೀಝೆಯ ಪಕ್ಕ ನಿಂತಾಗ ಪಶ್ಚಿಮ ತೀರದ ಒಂದು ಸಾವನ್ನೂ ನೆನೆಯಬೇಕು: 1971ರ ಡಿಸೆಂಬರ್ 10ರಂದು ಅರಬ್ಬಿ ಸಮುದ್ರದ ಮೇಲೆ ಕಾವಲು ಹಾರುತ್ತಿದ್ದ ಅಲೀಝೆಯೊಂದನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಹೊಡೆದುರುಳಿಸಿತು. ಒಳಗಿದ್ದ ಮೂವರೂ ಮರಳಲಿಲ್ಲ.

ನಮ್ಮ ಕಾರವಾರಕ್ಕೂ ಈ ಕಥೆಗೂ ಈಗ ನೇರ ನಂಟಿದೆ. ಕೊಚ್ಚಿಯಲ್ಲಿ ಕಟ್ಟಿ 2022ರ ಸೆಪ್ಟೆಂಬರ್ 2ರಂದು ಸೇವೆಗಿಳಿದ ಹೊಸ ವಿಕ್ರಾಂತ್ ಮರುವರ್ಷವೇ ಕದಂಬ ನೌಕಾನೆಲೆಗೆ ಬಂದು ನಿಂತಿತು. ಊರಿನ ಟ್ಯಾಗೋರ್ ಕಡಲತೀರದಲ್ಲಿ ಪ್ರವಾಸಿಗರು ಹತ್ತಿ ನೋಡುವ 'ಚಪಲ್' ಕ್ಷಿಪಣಿ ದೋಣಿ 1971ರ ಯುದ್ಧವಾದ ಮೇಲೆ ನೌಕಾಪಡೆ ಸೇರಿದ್ದು. ಕರಾಚಿಗೆ ಹೋದ ದೋಣಿಗಳ ತಂಗಿ ಅಷ್ಟೆ. ಆ ದೋಣಿಯ ಪಕ್ಕದಲ್ಲೇ, ಕಾಕ್ಸ್ ಬಜಾರಿಗೆ ಹಾರಿದ ಸೀ ಹಾಕ್‌ಗಳದ್ದೂ ಅರಬ್ಬಿ ಸಮುದ್ರದಲ್ಲಿ ಕಳೆದುಹೋದ ಅಲೀಝೆಯದ್ದೂ ಕಥೆ ಹೇಳುವ ಒಂದು ಗೋಡೆಯನ್ನು, ಹೆಸರುಗಳ ಸಮೇತ ಕನ್ನಡದಲ್ಲಿ, ಜಿಲ್ಲಾಡಳಿತ ಮತ್ತು ನೌಕಾಪಡೆ ಸೇರಿ ಮಾಡಿಸಬೇಕು. ಅದಕ್ಕೆ ಹಡಗು ಉಳಿಸುವಷ್ಟು ಕೋಟಿಗಳೇನೂ ಬೇಡ. ಅಲ್ಲಿಯವರೆಗೆ ಗೋವಾಕ್ಕೆ ಹೋಗುವ ಕನ್ನಡಿಗರು ಬೀಚಿನ ದಾರಿಯಲ್ಲಿ ಒಂದು ಗಂಟೆ ದಾಬೋಲಿಂಗೆ ಮೀಸಲಿಡಿ. ರಜೆಯ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಂಡು ಹೊರಡಿ.