ಮಾಮು ಕೇಳಿದ ಪ್ರಶ್ನೆ ಮತ್ತು ಹುಳು ಕೊಲ್ಲುವ ಬ್ಯಾಕ್ಟೀರಿಯಾ

ಕಳೆದ ರಜೆಯಲ್ಲಿ ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿರುವ ಮಾಮುವಿನ ಮನೆಗೆ ಹೋಗಿದ್ದೆ. ಅವರು ರೇಷ್ಮೆ ಹುಳು ಸಾಕುತ್ತಾರೆ. ಪಕ್ಕದ ಹೊಲದವರು ಎಲೆಕೋಸಿಗೆ ಹೊಡೆಯಲು 'ಬಿಟಿ' ಎಂಬ ಜೈವಿಕ ಕೀಟನಾಶಕ ತಂದಿದ್ದರು. "ನೀನು ಸೈನ್ಸ್ ಓದುತ್ತೀಯಲ್ಲ ಬೇಟಾ, ಇದು ಗಾಳಿಗೆ ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ತೊಂದರೆ ಇಲ್ಲ ತಾನೇ?" ಎಂದು ಮಾಮು ಕೇಳಿದರು. "ಜೈವಿಕ ಅಲ್ಲವಾ ಮಾಮು, ಏನೂ ಆಗಲ್ಲ" ಎಂದುಬಿಟ್ಟೆ. ರಾತ್ರಿ ಪುಸ್ತಕ ತೆರೆದಾಗ ನಾನು ಹೇಳಿದ್ದು ತಪ್ಪೆಂದು ತಿಳಿಯಿತು.

ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟ ಇದನ್ನು ಮೊದಲು ಕಂಡದ್ದೇ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ! 1911ರಲ್ಲಿ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಹಿಟ್ಟಿನ ಪತಂಗದ ಹುಳುಗಳಲ್ಲಿ ಇದನ್ನು ಮತ್ತೆ ಗುರುತಿಸಿದರು. ಅಲ್ಲಿನ ಥುರಿಂಜಿಯಾ ಪ್ರಾಂತ್ಯದಿಂದಲೇ ಇದಕ್ಕೆ ಈ ಹೆಸರು.

ಈ ಬ್ಯಾಕ್ಟೀರಿಯಾ 'ಕ್ರೈ' ಎಂಬ ಪ್ರೋಟೀನನ್ನು ಹರಳಿನ ರೂಪದಲ್ಲಿ ತಯಾರಿಸುತ್ತದೆ. ಎಲೆಯೊಂದಿಗೆ ಹುಳು ಅದನ್ನು ತಿಂದರೆ, ಅದರ ಕ್ಷಾರೀಯ ಕರುಳಿನಲ್ಲಿ ಹರಳು ಕರಗಿ ವಿಷವಾಗುತ್ತದೆ. ಆ ವಿಷ ಕರುಳಿನ ಜೀವಕೋಶಗಳಿಗೆ ಅಂಟಿಕೊಂಡು ರಂಧ್ರ ಮಾಡುತ್ತದೆ. ಹುಳು ತಿನ್ನುವುದನ್ನು ನಿಲ್ಲಿಸಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ನಮ್ಮ ಹೊಟ್ಟೆ ಆಮ್ಲೀಯ. ಆ ವಿಷ ಅಂಟಿಕೊಳ್ಳುವ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ. ಆದ್ದರಿಂದ ನಮಗೆ ಅಪಾಯವಿಲ್ಲ.

ಆದರೆ ಸಿಂಪಡಿಸಿದ ಬಿಟಿ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿ ಜೀನ್ ಎಂಜಿನಿಯರಿಂಗ್ ನೆರವಿಗೆ ಬಂತು. ಅಮೆರಿಕದ ಮೈಕೊಜೆನ್ ಕಂಪನಿ ಕ್ರೈ ಪ್ರೋಟೀನಿನ ಜೀನನ್ನು ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬೇರೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿತು. ಅದು ಪ್ರೋಟೀನ್ ತುಂಬಿಕೊಂಡ ಮೇಲೆ ರಾಸಾಯನಿಕದಿಂದ ಅದನ್ನು ಕೊಲ್ಲುತ್ತಾರೆ. ಗಟ್ಟಿಯಾದ ಕೋಶಭಿತ್ತಿ ಡಬ್ಬಿಯಂತೆ ಒಳಗಿನ ಪ್ರೋಟೀನನ್ನು ಕಾಪಾಡುತ್ತದೆ. ಹೊಲಕ್ಕೆ ಹೋಗುವುದು ಸತ್ತ ಕೋಶಗಳಾದ್ದರಿಂದ, ಜೀನ್ ಬದಲಿಸಿದ ಜೀವಿ ಪರಿಸರದಲ್ಲಿ ಹರಡುವ ಭಯ ಇರುವುದಿಲ್ಲ. 1991ರಲ್ಲಿ ಇದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ದ್ವಿತೀಯ ಪಿಯುಸಿ ಪಾಠದಲ್ಲಿ ಬರುವ ಬಿಟಿ ಹತ್ತಿಯಲ್ಲಿ ಇಂಥದೇ ಜೀನನ್ನು ಗಿಡಕ್ಕೇ ಸೇರಿಸಿದ್ದಾರೆ.

ಇದಕ್ಕೂ ಮಿತಿಗಳಿವೆ. ಒಂದೇ ವಿಷವನ್ನು ಪದೇ ಪದೇ ಬಳಸಿದರೆ ಕೀಟಗಳು ಅದನ್ನು ತಡೆದುಕೊಳ್ಳಲು ಕಲಿಯುತ್ತವೆ. ಎಲೆಕೋಸಿನ ವಜ್ರಬೆನ್ನಿನ ಪತಂಗದಲ್ಲಿ ಇದು ಆಗಲೇ ಕಂಡುಬಂದಿದೆ. ಇನ್ನೊಂದು ಮಿತಿ ಮಾಮುವಿನ ಪ್ರಶ್ನೆಯಲ್ಲೇ ಇತ್ತು. ಎಲೆಕೋಸಿಗೆ ಹೊಡೆಯುವ ಬಿಟಿ ಪತಂಗದ ಮರಿಗಳನ್ನು ಕೊಲ್ಲುತ್ತದೆ. ರೇಷ್ಮೆ ಹುಳುವೂ ಪತಂಗದ ಮರಿಯೇ ಅಲ್ಲವೇ?

ಬೆಳಿಗ್ಗೆ ಎದ್ದ ಕೂಡಲೇ ಮಾಮುವಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ, ನೇರ ಪಕ್ಕದ ಹೊಲಕ್ಕೆ ಹೋಗಿ ಮಾತನಾಡಿದರು. ಅವರೂ ಒಪ್ಪಿ, ಮಾಮುವಿನ ಹುಳು ಗೂಡು ಕಟ್ಟುವವರೆಗೆ ಬಿಟಿ ಹೊಡೆಯಲಿಲ್ಲ. ಈಗ ಯಾರಾದರೂ 'ಜೈವಿಕ' ಎಂದರೆ ನಾನು ಮೊದಲು ಕೇಳುವುದು, ಯಾವ ಜೀವಿಗೆ ವಿಷ, ಯಾವುದಕ್ಕೆ ಅಲ್ಲ ಎಂದು. ಗೆಳೆಯರೇ, ನೀವೂ ಗೊತ್ತಿಲ್ಲದ್ದಕ್ಕೆ ನನ್ನ ಹಾಗೆ ಅವಸರದಲ್ಲಿ ಉತ್ತರ ಕೊಡಬೇಡಿ.