ಚಾರಣದ ತಂಡವನ್ನು ಸೇರುವ ಮುನ್ನ

ಕೆಲವು ವರ್ಷಗಳಿಂದ ನನ್ನ ಚಿಕಿತ್ಸಾಲಯಕ್ಕೆ ಹೊಸ ಬಗೆಯ ಕಾಗದವೊಂದು ಬರತೊಡಗಿದೆ. ಅದು ರೋಗದ ವರದಿಯಲ್ಲ, ಹಿಮಾಲಯದ ಚಾರಣಕ್ಕೆ ಹೊರಟವರ ದೇಹಾರೋಗ್ಯ ಪ್ರಮಾಣಪತ್ರ. ಹತ್ತು ಹನ್ನೆರಡು ಜನರ ಚಿಕ್ಕ ತಂಡ, ಒಬ್ಬ ನಾಯಕ, ಇಬ್ಬರು ಸ್ಥಳೀಯ ಮಾರ್ಗದರ್ಶಕರು, ಐದಾರು ದಿನ ಗುಡಾರದಲ್ಲಿ ವಾಸ. ನಿವೃತ್ತ ಶಿಕ್ಷಕರು, ಮಕ್ಕಳ ಮದುವೆ ಮುಗಿಸಿ ನಿರಾಳರಾದ ತಾಯಂದಿರು, ಕೇದಾರ ದರ್ಶನದ ನಂತರ ಬೆಟ್ಟದ ಸೆಳೆತಕ್ಕೆ ಸಿಕ್ಕಿದವರು, ಹೀಗೆ ಎಲ್ಲ ಬಗೆಯವರೂ ಇರುತ್ತಾರೆ. "ಡಾಕ್ಟರೇ, ಇಲ್ಲೊಂದು ಸಹಿ ಹಾಕಿಬಿಡಿ" ಎಂದು ಅವರು ಉತ್ಸಾಹದಿಂದ ಕೇಳುವಾಗ ನನಗೂ ಸಂತೋಷವೇ. ಆದರೂ ನಾನು ಹಿಂದೊಮ್ಮೆ ಹಾಕಿದ ಸಹಿಯ ನೆನಪಾಗಿ ಕೈ ತಡೆಯುತ್ತದೆ.

ಅವರು ನನಗೆ ಬಹುಕಾಲದ ಪರಿಚಿತರು, ಐವತ್ತೇಳರ ವಯಸ್ಸಿನ ಶಾಲಾ ಮೇಷ್ಟ್ರು. ರಕ್ತದೊತ್ತಡಕ್ಕೂ ಸಕ್ಕರೆಗೂ ಮಾತ್ರೆ ನುಂಗುತ್ತಿದ್ದರು. ಎರಡೂ ಹತೋಟಿಯಲ್ಲಿದ್ದವು. "ಅದನ್ನೆಲ್ಲ ಬರೆದರೆ ಸೇರಿಸಿಕೊಳ್ಳುವುದಿಲ್ಲ" ಎಂದು ಸಂಕೋಚದಿಂದ ಹೇಳಿದರು. ದಿನವೂ ಐದು ಕಿಲೋಮೀಟರು ನಡೆಯುವ ಮನುಷ್ಯ, ಏನಾದೀತು ಎಂದುಕೊಂಡು ನಾನು ಆ ಅಂಕಣವನ್ನು ಖಾಲಿ ಬಿಟ್ಟು ಸಹಿ ಹಾಕಿದೆ. ಮೂರನೆಯ ದಿನ ತಂಡವು ಸುಮಾರು 3,600 ಮೀಟರು ಎತ್ತರದ ಬುಗ್ಯಾಲ್ ಒಂದರಲ್ಲಿ ಬೀಡುಬಿಟ್ಟಿತು. ಉತ್ತರಾಖಂಡದವರು ಬೆಟ್ಟದ ಮೇಲಿನ ಹುಲ್ಲುಗಾವಲನ್ನು ಹಾಗೆ ಕರೆಯುತ್ತಾರೆ. ಮಧ್ಯಾಹ್ನದಿಂದಲೇ ಮೇಷ್ಟ್ರಿಗೆ ತಲೆನೋವು. ತನ್ನೊಬ್ಬನಿಂದ ಉಳಿದ ಹನ್ನೊಂದು ಜನರ ಯಾತ್ರೆ ಕೆಡಬಾರದೆಂದು ಅವರು ಬಾಯಿ ಬಿಡಲಿಲ್ಲ. ರಾತ್ರಿ ವಾಂತಿಯಾಯಿತು. ಬಹಿರ್ದೆಸೆಗೆ ಎದ್ದವರು ತೂರಾಡುವುದನ್ನು ಅದೇ ಗುಡಾರದಲ್ಲಿದ್ದ ಯುವಕನೊಬ್ಬ ಕಂಡು ನಾಯಕನನ್ನು ಎಬ್ಬಿಸಿದ. ಆ ಕತ್ತಲಲ್ಲೇ ಇಬ್ಬರು ಮಾರ್ಗದರ್ಶಕರು ಅವರನ್ನು ಹೆಗಲ ಆಸರೆಯಲ್ಲಿ ಕೆಳಗಿಳಿಸಿದರು. ಇಳಿಯುತ್ತಿದ್ದಂತೆ ಚೇತರಿಸಿಕೊಂಡರು. ಆದರೆ ಆ ಮಾರ್ಗದರ್ಶಕರಿಗೆ ಮೇಷ್ಟ್ರ ಕಾಯಿಲೆಯಾಗಲೀ ಮಾತ್ರೆಯಾಗಲೀ ಗೊತ್ತೇ ಇರಲಿಲ್ಲ. ತೂರಾಟವು ಸಕ್ಕರೆ ಇಳಿದದ್ದರಿಂದಲೋ ಎತ್ತರದಿಂದಲೋ ಎಂದು ಆ ಹೊತ್ತಿನಲ್ಲಿ ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ.

ಎತ್ತರಕ್ಕೆ ಏರಿದಂತೆ ಗಾಳಿಯ ಒತ್ತಡ ಕುಗ್ಗುತ್ತದೆ. 3,500 ಮೀಟರಿನಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೆಯ ಎರಡು ಪಾಲಿನಷ್ಟು ಮಾತ್ರ. ಕೇದಾರನಾಥವೇ 3,583 ಮೀಟರು ಎತ್ತರದಲ್ಲಿದೆ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಇಲ್ಲಿನ ಬೆಟ್ಟ ಹತ್ತಿ ಪಡೆದ ಅನುಭವವು ಕಾಲಿಗೆ ಶಿಕ್ಷಣವಾದೀತೇ ಹೊರತು ಎತ್ತರಕ್ಕೆ ಪರೀಕ್ಷೆಯಾಗಲಾರದು. ಗಟ್ಟಿಮುಟ್ಟಾದ ತರುಣನಿಗೆ ತಲೆನೋವು ಬಂದು, ಅವನ ಸೋದರತ್ತೆ ಹಾಯಾಗಿ ನಡೆದುಹೋಗುವುದೂ ಉಂಟು. ದೇಹಬಲಕ್ಕೂ ಈ ವ್ಯಾಧಿಗೂ ಸಂಬಂಧವಿಲ್ಲ.

ಆಯುರ್ವೇದದಲ್ಲಿ ಸಾತ್ಮ್ಯವೆಂಬ ಮಾತಿದೆ. ದೇಹವು ಯಾವುದನ್ನು ತನ್ನದಾಗಿ ಮಾಡಿಕೊಳ್ಳುತ್ತದೋ ಅದು ಸಾತ್ಮ್ಯ. ರೂಢಿಯಾದ ಅಹಿತವನ್ನು ಬಿಡುವಾಗಲೂ ಹಿತವಾದ ಹೊಸದನ್ನು ಹಿಡಿಯುವಾಗಲೂ ಕಾಲುಭಾಗದಂತೆ ಮೆಲ್ಲಮೆಲ್ಲನೆ ಸಾಗಬೇಕೆಂಬ ಕ್ರಮವನ್ನು ಚರಕರು ಹೇಳಿದ್ದಾರೆ. ಎತ್ತರದ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರ ಹೇಳುವುದೂ ಬಹುಮಟ್ಟಿಗೆ ಇದನ್ನೇ. 3,000 ಮೀಟರು ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ಹಣ ಕಟ್ಟುವ ಮೊದಲೇ ಪ್ರವಾಸದ ವೇಳಾಪಟ್ಟಿಯನ್ನು ತರಿಸಿಕೊಂಡು, ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುವುದೆಂದು ಬರೆದು ಲೆಕ್ಕ ಹಾಕಿ. ರಜೆ ಕಡಿಮೆಯಿರುವವರಿಗಾಗಿ ಒಂದು ದಿನ ಕತ್ತರಿಸಿದ ಪಟ್ಟಿಯು ಅಗ್ಗವಾಗಿರುತ್ತದೆ. ಆ ಉಳಿತಾಯ ಬೇಡ.

ತಲೆನೋವು, ಹಸಿವಿಲ್ಲದಿರುವುದು, ಓಕರಿಕೆ, ಅತಿಯಾದ ಸುಸ್ತು, ತಲೆಸುತ್ತು ಇವು ಮೊದಲ ಲಕ್ಷಣಗಳು. ಇವು ಕಂಡರೆ ಮುಂದೆ ಏರದೆ ಅಲ್ಲೇ ನಿಲ್ಲಬೇಕು. ಹೆಚ್ಚಾದರೆ ಇಳಿಯಬೇಕು. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ಗುಲಾಬಿ ಬಣ್ಣದ ನೊರೆಯ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ಅರ್ಥ. ನೇರವಾಗಿ ಹೆಜ್ಜೆಯಿಡಲಾಗದಿದ್ದರೆ, ಮಾತು ತೊದಲಿದರೆ, ಬುದ್ಧಿ ಮಂಕಾದರೆ ಮಿದುಳಿಗೆ ಬಾವು ಬಂದಿರಬಹುದು. ಆಗ ಬೆಳಗಾಗಲೆಂದು ಕಾಯುವಂತಿಲ್ಲ. ಆಮ್ಲಜನಕವಿದ್ದರೆ ಕೊಡುತ್ತ ಕೂಡಲೇ ಕೆಳಗಿಳಿಸುವುದೇ ಚಿಕಿತ್ಸೆ. ನಲವತ್ತು ವರ್ಷಗಳ ಹತ್ತಿರ ಆಯುರ್ವೇದವನ್ನೇ ನಂಬಿ ಬಾಳಿದವನು ನಾನು. ಆದರೂ ಹೇಳುತ್ತೇನೆ, ಇದಕ್ಕೆ ನಮ್ಮಲ್ಲಿ ಕಷಾಯವಿಲ್ಲ. ಶುಂಠಿ ಕಷಾಯ ಗಂಟಲಿಗೆ ಹಿತ, ಅಷ್ಟೇ. ಬೆರಳಿಗೆ ಸಿಕ್ಕಿಸುವ ಯಂತ್ರದ ಅಂಕಿಯನ್ನೇ ನೆಚ್ಚಬೇಡಿ. ಊರಿನಲ್ಲಿ 97 ತೋರುವುದು ಅಲ್ಲಿ 90 ಅಥವಾ ಇನ್ನೂ ಕಡಿಮೆ ತೋರುವುದು ಸಾಮಾನ್ಯ, ಲಕ್ಷಣಗಳೇ ಮುಖ್ಯ. ಮುನ್ನೆಚ್ಚರಿಕೆಗೆಂದು ಕೆಲವರು ಅಸೆಟಝೋಲಮೈಡ್ ಮಾತ್ರೆಯನ್ನು ಅಂಗಡಿಯಿಂದಲೇ ಕೊಂಡು ನುಂಗುತ್ತಾರೆ. ಸಲ್ಫಾ ಔಷಧ ಒಗ್ಗದವರಿಗೆ ಅದು ಅಪಾಯಕಾರಿಯಾಗಬಹುದು, ವೈದ್ಯರ ಸಲಹೆಯಿಲ್ಲದೆ ಬೇಡ. ನಿದ್ರೆಯ ಮಾತ್ರೆಯಂತೂ ಸರ್ವಥಾ ಬೇಡ.

ಚಿಕ್ಕ ತಂಡದ ಗುಣವೂ ದೋಷವೂ ಒಂದೇ, ಅದು ಸಲಿಗೆ. ಎರಡನೆಯ ದಿನಕ್ಕೇ ಎಲ್ಲರೂ ಮನೆಯವರಂತಾಗುತ್ತಾರೆ. ಆದ್ದರಿಂದಲೇ ಹಿಂದೆ ಬಿದ್ದವನಿಗೆ ನಾಚಿಕೆ. ಏದುಸಿರು ಬಂದರೂ ಬಾಯಿ ಮುಚ್ಚಿಕೊಂಡು ಮುಂದಿನವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾನೆ. ತಡೆಯಬಾರದ ವೇಗಗಳೆಂದು ನಮ್ಮ ಆಚಾರ್ಯರು ಹದಿಮೂರನ್ನು ಎಣಿಸಿದ್ದಾರೆ. ಮಲಮೂತ್ರ, ಹಸಿವು, ಬಾಯಾರಿಕೆ, ನಿದ್ರೆಗಳೊಡನೆ ಆಯಾಸದ ಉಸಿರೂ ಆ ಪಟ್ಟಿಯಲ್ಲಿದೆ. ಅದನ್ನು ತಡೆದರೆ ಹೃದ್ರೋಗ, ಮೂರ್ಛೆಗಳು ಬರುವುವೆಂದು ಹೇಳಿದ್ದಾರೆ. ಏದುಸಿರು ಬಂದಾಗ ನಿಲ್ಲಿ. ನಡೆಯುತ್ತಲೇ ಪೂರ್ತಿ ವಾಕ್ಯವೊಂದನ್ನು ಆಡಲು ಸಾಧ್ಯವಾಗುವಷ್ಟೇ ನಿಮ್ಮ ವೇಗವಿರಲಿ. ತಾಯಂದಿರಿಗೆ ಇನ್ನೊಂದು ಮಾತು. ಮರೆ ಸಿಗದೆಂದು ನೀರು ಕುಡಿಯುವುದನ್ನೇ ಬಿಡುವವರನ್ನು ಬಹಳ ನೋಡಿದ್ದೇನೆ. ಅದರಿಂದ ಉರಿಮೂತ್ರವೂ ಸುಸ್ತೂ ಎರಡೂ ಬರುತ್ತವೆ. ಶೌಚದ ಗುಡಾರವಿದೆಯೇ, ತಂಡದಲ್ಲಿ ಬೇರೆ ಹೆಂಗಸರಿದ್ದಾರೆಯೇ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

2024ರ ಜೂನ್ ಮೊದಲ ವಾರವನ್ನು ನಮ್ಮವರು ಮರೆತಿರಲಾರರು. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡವು ಹಿಮಗಾಳಿಗೆ ಸಿಕ್ಕಿ 9 ಜನ ಅಸುನೀಗಿದರು, 13 ಜನರನ್ನು ರಕ್ಷಿಸಲಾಯಿತು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಯಾರದು ತಪ್ಪೆಂದು ಹೇಳುವುದು ಈ ಲೇಖನದ ಕೆಲಸವಲ್ಲ. ಜೂನ್ ತಿಂಗಳಲ್ಲೂ ನಾಲ್ಕು ಸಾವಿರ ಮೀಟರಿನ ಮೇಲೆ ಚಳಿ ಪ್ರಾಣ ತೆಗೆಯಬಲ್ಲದೆಂಬುದನ್ನು ಮಾತ್ರ ತಿಳಿದಿರಬೇಕು. ಒದ್ದೆ ಬಟ್ಟೆಯೂ ಬೀಸುಗಾಳಿಯೂ ಕೂಡಿದರೆ ಮೈಯ ಶಾಖ ಬೇಗನೆ ಸೋರಿಹೋಗುತ್ತದೆ. ಮೊದಲು ನಡುಕ, ಆಮೇಲೆ ಬೆರಳು ಗುಂಡಿ ಹಾಕಲಾರದು, ಮಾತು ಗೊಣಗಾಗುತ್ತದೆ, ನಡಿಗೆ ಎಡವುತ್ತದೆ. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಚೇತರಿಸಿದನೆಂದು ತಿಳಿಯಬೇಡಿ, ಸ್ಥಿತಿ ಬಿಗಡಾಯಿಸಿದೆ. ಒದ್ದೆ ಬಟ್ಟೆ ಕಳಚಿ, ಒಣಬಟ್ಟೆ ತೊಡಿಸಿ, ಗಾಳಿ ತಾಗದಂತೆ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ನಮ್ಮ ಊರಿನ ಸೆಕೆಗೆ ಹತ್ತಿ ಬಟ್ಟೆ ಎಷ್ಟು ಹಿತವೋ ಅಲ್ಲಿ ಅಷ್ಟೇ ಅಹಿತ. ಬೆವರನ್ನು ಹೀರಿ ಒಣಗದೆ ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆಯಾಗಲೀ ಬೇಗ ಒಣಗುವ ಕೃತಕ ಬಟ್ಟೆಯಾಗಲೀ ಒಳಗೆ, ಮಳೆಯಂಗಿ ಮೇಲೆ.

ಸ್ನಾನವಿಲ್ಲದೆ ಲಿಂಗಪೂಜೆ ಹೇಗೆ ಎಂದು ಭಕ್ತರು ಕೇಳುತ್ತಾರೆ. ನಸುಕಿನಲ್ಲಿ ಮಂಜಿನ ನೀರನ್ನು ತಲೆಗೆ ಸುರಿದುಕೊಳ್ಳಬೇಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿಕೊಂಡರೆ ಸಾಕು. ಸೋಮವಾರದ ಉಪವಾಸವನ್ನೂ ಆ ವಾರ ಬಿಡಿ. ಎತ್ತರದಲ್ಲಿ ಹಸಿವು ಹೇಗೂ ಕುಗ್ಗುತ್ತದೆ. ಬಿಸಿ ಗಂಜಿ, ಬೇಳೆಯ ಕಟ್ಟು, ಅನ್ನವನ್ನು ಸ್ವಲ್ಪ ಸ್ವಲ್ಪವೇ ಮೇಲಿಂದ ಮೇಲೆ ಉಣ್ಣಬೇಕು. ಚೀಲದಲ್ಲಿ ಶೇಂಗಾ ಉಂಡೆ, ಖರ್ಜೂರ, ಒಂದಿಷ್ಟು ಶೇಂಗಾ ಚಟ್ನಿಪುಡಿ ಇರಲಿ. ನಾಲಿಗೆ ಜಡ್ಡುಗಟ್ಟಿದಾಗ ಚಟ್ನಿಪುಡಿ ಮಾಡುವ ಉಪಕಾರ ದೊಡ್ಡದು.

ಸಿದ್ಧತೆಗೆ ಮೂರು ತಿಂಗಳಾದರೂ ಬೇಕು. ಅರ್ಧಶಕ್ತಿಯ ವ್ಯಾಯಾಮವೆಂದು ಶಾಸ್ತ್ರ ಹೇಳುವುದು ಇದನ್ನೇ, ಹಣೆಯಲ್ಲೂ ಕಂಕುಳಲ್ಲೂ ಬೆವರೊಡೆದು ಬಾಯಿ ಒಣಗತೊಡಗಿದಾಗ ನಿಲ್ಲಿಸುವುದು. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲೋ ಅಂಜನಾದ್ರಿಯೋ ನಿಮ್ಮೂರ ಗುಡ್ಡವೋ, ವಾರಕ್ಕೆರಡು ಸಲ ಐದಾರು ಕಿಲೋ ಚೀಲ ಹೊತ್ತು ಹತ್ತಿ, ಇಳಿಯಿರಿ. ಮಂಡಿ ಕೆಡುವುದು ಇಳಿಯುವಾಗ, ಆದ್ದರಿಂದ ಊರುಗೋಲಿಗೆ ನಾಚಬೇಡಿ. ಬೂಟನ್ನು ತಿಂಗಳ ಮುಂಚೆಯೇ ಕೊಂಡು ಪಳಗಿಸಿ, ಉಗುರು ಕತ್ತರಿಸಿಕೊಂಡು ಹೊರಡಿ. ರಾತ್ರಿ ಪಾದಕ್ಕೆ ಎಳ್ಳೆಣ್ಣೆ ತಿಕ್ಕಿಕೊಳ್ಳುವ ಅಭ್ಯಾಸ ಅಲ್ಲಿಯೂ ನಡೆಯಲಿ.

ಸಂಘಟಕರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಊಟದ್ದಲ್ಲ. ಒಬ್ಬರು ಮಧ್ಯದಲ್ಲಿ ಇಳಿಯಬೇಕಾದರೆ ಜೊತೆಗೆ ಯಾರು ಹೋಗುತ್ತಾರೆ, ಆಗ ಉಳಿದವರೊಡನೆ ಯಾರಿರುತ್ತಾರೆ? ಆಮ್ಲಜನಕದ ಸಿಲಿಂಡರು ಗುಡಾರದ ಬೀಡಿನಲ್ಲಿರುತ್ತದೆಯೋ ಊರಿನ ಕಚೇರಿಯಲ್ಲೋ? ಸಾಲಿನ ಕೊನೆಯಲ್ಲಿ ನಡೆಯುವ ಮಾರ್ಗದರ್ಶಕ ಇದ್ದಾನೆಯೇ? ಹವೆ ಕೆಟ್ಟರೆ ಕಾಯಲು ಹೆಚ್ಚುವರಿ ದಿನವಿದೆಯೇ? ಇವಕ್ಕೆ ತಡವರಿಸುವವರ ಜೊತೆ ಹೋಗಬೇಡಿ. ಆರೋಗ್ಯ ವಿಮೆಯ ಕರಾರನ್ನೂ ಓದಿ. ಚಾರಣವನ್ನೂ ಹೆಲಿಕಾಪ್ಟರಿನ ಖರ್ಚನ್ನೂ ಹೊರಗಿಟ್ಟ ವಿಮೆಗಳೇ ಹೆಚ್ಚು.

ಸಕ್ಕರೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರನ್ನು ನಾನೀಗ ಮೊದಲು ಆಯಾ ತಜ್ಞರಲ್ಲಿಗೆ ಕಳುಹಿಸುತ್ತೇನೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಅಲ್ಲಿ ಹೇಗೆ ತೆಗೆದುಕೊಳ್ಳಬೇಕೆಂಬುದನ್ನು ಅವರೇ ಹೇಳಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಹಗಲು ಒಳಂಗಿಯ ಜೇಬಿನಲ್ಲಿ, ರಾತ್ರಿ ಹಾಸಿಗೆಯ ಚೀಲದೊಳಗೆ ಅದು ನಿಮ್ಮೊಡನೆಯೇ ಇರಲಿ. ಸಕ್ಕರೆ ಅಳೆಯುವ ಯಂತ್ರಕ್ಕೂ ಚಳಿ ಆಗದು. ಮಾತ್ರೆಗಳನ್ನು ಎರಡು ಚೀಲಗಳಲ್ಲಿ ಹಂಚಿಡಿ. ಅವುಗಳ ಹೆಸರು ಬರೆದ ಚೀಟಿಯೊಂದು ನಾಯಕನ ಬಳಿ, ಇನ್ನೊಂದು ಗುಡಾರದ ಸಂಗಾತಿಯ ಬಳಿ ಇರಲಿ.

ಮೇಷ್ಟ್ರು ಎರಡು ವರ್ಷದ ನಂತರ ಮತ್ತೆ ಬಂದರು. ಈ ಸಲ ಚೋಪ್ತಾದಿಂದ ತುಂಗನಾಥಕ್ಕೆ, 3,680 ಮೀಟರು. ಕಾಯಿಲೆಯ ಅಂಕಣವನ್ನು ಅವರೇ ತುಂಬಿಕೊಂಡು ಬಂದಿದ್ದರು, ಮಾತ್ರೆಗಳ ಪ್ರಮಾಣಸಹಿತ. ಅದನ್ನು ಓದಿದ ಒಂದು ಸಂಸ್ಥೆ ಅವರನ್ನು ಒಲ್ಲೆನೆಂದಿತು. ಇನ್ನೊಂದು ಸಂಸ್ಥೆ ಎರಡು ದಿನ ಹೆಚ್ಚಿಗೆ ಕೇಳಿ ಕರೆದುಕೊಂಡು ಹೋಯಿತು.