ಅಟ್ಟವೂ ಋತುಮಾನವೂ

ಘಟ್ಟದ ತಪ್ಪಲಿಗೂ ಅರಬ್ಬೀ ಕಡಲಿಗೂ ನಡುವೆ ಇಕ್ಕಟ್ಟಾಗಿ ಹಬ್ಬಿರುವ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಗಳಲ್ಲಿ ಸಂಸಾರ ಹೂಡಿದವನಿಗೆ, ತನ್ನ ಮನೆಯಲ್ಲಿ ಬೇಡದ ವಸ್ತುಗಳೆಷ್ಟು ಸೇರಿಕೊಂಡಿವೆಯೆಂಬುದನ್ನು ತಾನಾಗಿ ಎಣಿಸಿ ನೋಡುವ ವ್ಯವಧಾನವಿಲ್ಲದಿದ್ದರೂ, ವರ್ಷಕ್ಕೊಮ್ಮೆ ಮಳೆಗಾಲವೇ ಬಂದು ಎಣಿಸಿ ತೋರಿಸುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ, ಎಂದರೆ ಬೆಂಗಳೂರಿನವರು ಕಾಣುವುದರ ಮೂರು ಪಟ್ಟಿಗಿಂತಲೂ ಹೆಚ್ಚಾಗಿ ಸುರಿಯುವ ಮಳೆ, ಬಹುಮಟ್ಟಿಗೆ ಜೂನ್ ಸೆಪ್ಟೆಂಬರ್‌ಗಳ ನಡುವಣ ನಾಲ್ಕು ತಿಂಗಳಲ್ಲಿಯೇ ಬಿದ್ದು ತೀರುವ ಈ ನಾಡಿನಲ್ಲಿ, ಆಷಾಢದ ಒಂದು ಅಪರಾಹ್ಣ ಕಪಾಟಿನ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ಮುಗ್ಗಲು ವಾಸನೆಯೇ ಆ ಲೆಕ್ಕದ ಮೊದಲ ಸಾಲು.

ಇದರ ಕಾರಣ ಗಹನವಾದುದೇನೂ ಅಲ್ಲ. ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ ಸರ್ವಕಾಲದಲ್ಲಿಯೂ ಇರತಕ್ಕವೇ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 70ನ್ನು ದಾಟಿ ಅಲ್ಲಿಯೇ ನಿಂತಿತೆಂದರೆ ಅವು ಮೊಳೆಯುತ್ತವೆ, ಮತ್ತು ಕರಾವಳಿಯ ಜುಲೈ ತಿಂಗಳಿನಲ್ಲಿ ಅದು 90ರ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಹತ್ತಿ, ಕಾಗದ, ಚರ್ಮ, ಮರ ಇವೆಲ್ಲವೂ ಗಾಳಿಯ ತೇವವನ್ನು ಹೀರುವ ಸ್ವಭಾವವುಳ್ಳವು. ಇವುಗಳನ್ನು ಒತ್ತೊತ್ತಾಗಿ ತುರುಕಿ ಬಾಗಿಲು ಮುಚ್ಚಿದಾಗ, ಹೀರಿದ ತೇವ ಹೊರಹೋಗಲು ಬೇಕಾದ ಗಾಳಿಯ ಸಂಚಾರವೇ ನಿಂತುಹೋಗುತ್ತದೆ. ಮಣ್ಣಿನ ಗೋಡೆಯ ಹಾದಿ ಹಿಡಿದು ಒರಲೆ ಬರುವುದೂ ಇಂಥ ಅಲುಗಾಡದ ರಾಶಿಗೇ. ಬಯಲುಸೀಮೆಯಲ್ಲಿ ಬೇಡದ ಗಂಟು ಧೂಳು ಹಿಡಿದು ಸುಮ್ಮನೆ ಕುಳಿತೀತು. ಇಲ್ಲಿ ಅದು ಕೊಳೆಯುತ್ತದೆ, ಕೊಳೆಯುವಾಗ ಪಕ್ಕದಲ್ಲಿರುವ ಮದುವೆಯ ರೇಶ್ಮೆ ಸೀರೆಯನ್ನೂ ತನ್ನ ಸಂಗಡ ಕರೆದುಕೊಂಡು ಹೋಗುತ್ತದೆ.

ಹಾಗೆಂದು ಈ ಸೀಮೆಯ ಹಿಂದಿನ ಮನೆಗಳು ಬರಿದಾಗಿದ್ದುವೆಂದು ಯಾರೂ ಭಾವಿಸಬಾರದು. ಮೃಗಶಿರದ ಮಳೆ ಹಿಡಿಯುವ ಮುನ್ನ ಅಟ್ಟದ ಮೇಲೆ ಕಾಲಿಡಲು ಎಡೆಯಿರುತ್ತಿರಲಿಲ್ಲ. ಸಾಣಿಕಟ್ಟೆಯ ಕಲ್ಲುಪ್ಪು, ಒಣಗಿಸಿದ ಮುರುಗಲ ಸಿಪ್ಪೆ, ಹುಣಸೆಹಣ್ಣಿನ ಉಂಡೆ, ಹಲಸಿನ ಹಪ್ಪಳದ ಕಟ್ಟು, ಉಪ್ಪಿನಲ್ಲಿಟ್ಟ ಸೊಳೆ, ಭರಣಿಯಲ್ಲಿ ಮಾವಿನ ಮಿಡಿ, ಕೊಟ್ಟಿಗೆಯ ಮಾಡಿನಡಿ ಸೌದೆ ಮತ್ತು ದರಕು, ಕಡಲಂಚಿನ ಮನೆಗಳಲ್ಲಾದರೆ ಒಣಮೀನು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಕಡಲು ನಿಷಿದ್ಧವಾಗಿರುವ ಇಂದಿನ ದಿನಗಳಲ್ಲಿಯೂ ಈ ಕೊನೆಯದರ ಬೆಲೆ ಬಲ್ಲವರೇ ಬಲ್ಲರು. ಇವೆಲ್ಲಕ್ಕೂ ಕಳಶವೆಂಬಂತೆ ಕುಮಟೆಯ ಸಿಹಿ ಈರುಳ್ಳಿ. ಅಳ್ವೆಕೋಡಿ, ಹಂದಿಗೋಣದ ಕಡೆಯ ರೈತರು ಭತ್ತದ ಕೊಯ್ಲಾದ ಗದ್ದೆಯಲ್ಲಿಯೇ ಬೆಳೆದು, ಒಣಗಿದ ಎಲೆಗಳನ್ನು ಜಡೆ ಹೆಣೆದಂತೆ ಹೆಣೆದು ಗೊಂಚಲು ಕಟ್ಟಿ, ಬೇಸಗೆಯ ತಿಂಗಳುಗಳಲ್ಲಿ ಹೆದ್ದಾರಿಯ ಬದಿಯ ಚಪ್ಪರಗಳಲ್ಲಿ ತೂಗುಹಾಕುವ ಆ ನಸುಗೆಂಪು ಗಡ್ಡೆಯನ್ನು ಚೀಲದಲ್ಲಿ ಕಟ್ಟಿಡುವವನು ಮೂಢ. ಬಲ್ಲವರು ಅದನ್ನು ಒಲೆಯ ಹೊಗೆ ತಾಗುವ ಜಂತಿಗೆ ನೇತುಹಾಕುವರು, ಗಾಳಿಯಾಡುತ್ತ ಅದು ಮಳೆಗಾಲವನ್ನು ಕಳೆಯುತ್ತದೆ.

ಗಮನಿಸತಕ್ಕ ಸಂಗತಿಯೆಂದರೆ, ಈ ಸಮಸ್ತ ಸಂಭಾರವೂ ತೀರಿಹೋಗುವುದಕ್ಕಾಗಿಯೇ ಬಂದುದು. ಶ್ರಾವಣಕ್ಕೆ ಅರ್ಧ, ಭಾದ್ರಪದಕ್ಕೆ ಮುಕ್ಕಾಲು, ದೀಪಾವಳಿಯ ದೊಡ್ಡ ಹಬ್ಬಕ್ಕೆ ಹಂಡೆ ಬೆಳಗಿ ಬಲಿವೇಂದ್ರನನ್ನು ಕೂರಿಸುವ ಹೊತ್ತಿಗೆ ಅಟ್ಟ ಬಹುತೇಕ ಬರಿದು. ಆ ಬರಿದಾದ ತಾಣಕ್ಕೆ ಹೊಸ ಭತ್ತದ ಪ್ರವೇಶ. ತುಂಬುವುದು ಮತ್ತು ತೆರವಾಗುವುದು ಎರಡೂ ಪಂಚಾಂಗಕ್ಕೆ ಅಧೀನವಾಗಿದ್ದುವು. ಮಳೆಗೆ ಹೊದೆಯುವ ಕಂಬಳಿಕೊಪ್ಪೆಗೂ ಗೊರಬಿಗೂ ಸಹ ವರ್ಷದಲ್ಲಿ ನಿಯತವಾದ ತಿಂಗಳುಗಳಿದ್ದು, ಉಳಿದ ಕಾಲದಲ್ಲಿ ಅವು ಎಲ್ಲಿ ತೂಗಬೇಕೆಂಬುದು ಮನೆಯ ಹುಡುಗನಿಗೂ ತಿಳಿದಿರುತ್ತಿತ್ತು.

ಇಂದು ಕೆಟ್ಟಿರುವುದು ಈ ಕ್ರಮ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದು ಮೂರೂ ಪಟ್ಟಣಗಳಿಗೆ ನಿಲ್ದಾಣ ಬಂದ ಮೇಲೆ, ಹೆದ್ದಾರಿ ಅಗಲವಾದ ಮೇಲೆ, ಪೇಟೆ ಮನೆಯ ಬಾಗಿಲಿಗೇ ಬಂದಿತು. ಬಂದ ವಸ್ತುವಿಗೆ ಋತುವಿಲ್ಲ, ಆದಕಾರಣ ಹೋಗುವ ದಿನವೂ ಇಲ್ಲ. ಭಟ್ಕಳದ ನವಾಯತ ಮನೆತನಗಳ ಅನೇಕರು ಕೊಲ್ಲಿ ನಾಡುಗಳಲ್ಲಿಯೂ, ಹೊನ್ನಾವರ ಕುಮಟೆಗಳ ಎಷ್ಟೋ ಮಕ್ಕಳು ಮುಂಬಯಿ ಬೆಂಗಳೂರುಗಳಲ್ಲಿಯೂ ಉದ್ಯೋಗಸ್ಥರಾಗಿ ನೆಲೆಸಿರಲಾಗಿ, ಊರಿನ ಮನೆಯಲ್ಲಿ ವಾಸಿಸುವವರು ಇಬ್ಬರು ವೃದ್ಧರು, ಅಲ್ಲಿ ವಾಸಿಸುವ ವಸ್ತುಗಳು ನಾಲ್ಕು ಸಂಸಾರದವು. ಮಗನ ಎಂಜಿನಿಯರಿಂಗ್ ಪುಸ್ತಕ, ಮಗಳ ಹಳೆಯ ಸೂಟ್‌ಕೇಸು, ಮೊಮ್ಮಗು ಎರಡು ವಾರ ಆಡಿ ಬಿಟ್ಟುಹೋದ ಸೈಕಲ್ಲು, ಪ್ರತಿ ಬಾರಿಯೂ ಬಂದ ಉಡುಗೊರೆಯ ರಟ್ಟಿನ ಪೆಟ್ಟಿಗೆಗಳು. ತಾಯಿಯಾದವಳು ಇವನ್ನು ತೆಗೆದುಹಾಕಲೊಲ್ಲಳು. ಏಕೆಂದರೆ ಅವು ತನ್ನವಲ್ಲ. ಮಕ್ಕಳೂ ತೆಗೆದುಕೊಂಡು ಹೋಗಲೊಲ್ಲರು. ಏಕೆಂದರೆ ಅವರ ಫ್ಲ್ಯಾಟಿನಲ್ಲಿ ಸ್ಥಳವಿಲ್ಲ. ಹೀಗೆ ಇಬ್ಬರಿಗೂ ಬೇಡವಾದುದು ಇಬ್ಬರ ಪ್ರೀತಿಯ ದೆಸೆಯಿಂದಲೇ ಉಳಿಯುತ್ತದೆ. ‘ಇರಲಿ, ಯಾವಾಗಲಾದರೂ ಬೇಕಾದೀತು’ ಎಂಬ ಮಾತಿನ ಬೆಂಬಲವಂತೂ ಇದ್ದೇ ಇದೆ.

ಜಪಾನಿನ ಮರಿ ಕೊಂಡೊ ಎಂಬಾಕೆಯ ಗ್ರಂಥವೊಂದು 2014ರಲ್ಲಿ ಇಂಗ್ಲಿಷಿಗೆ ಬಂದಂದಿನಿಂದ, ಮನೆಯ ವಸ್ತುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ‘ಇದು ನನಗೆ ಆನಂದವನ್ನುಂಟುಮಾಡುವುದೆ’ ಎಂದು ವಿಚಾರಿಸಿ, ಇಲ್ಲವಾದರೆ ಕೃತಜ್ಞತೆಯಿಂದ ಬೀಳ್ಕೊಡುವ ವಿಧಾನ ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ವಿಧಾನ ಸುಂದರವಾದುದೇ, ಆದರೆ ನಮ್ಮ ಕರಾವಳಿಯ ಮನೆಗೆ ಅದು ಪೂರ್ತಿ ಒಗ್ಗದೆಂದು ನನ್ನ ಅಭಿಪ್ರಾಯ. ಮಿಡಿ ಹಾಕುವ ಭರಣಿಯನ್ನು ಮಾಘಮಾಸದಲ್ಲಿ ಎತ್ತಿ ಹಿಡಿದರೆ ಆನಂದವಾಗುವುದಿಲ್ಲ, ಭಾರವಾಗುತ್ತದೆ. ಆನಂದಕ್ಕಿಂತ ಋತುವನ್ನು ವಿಚಾರಿಸುವುದು ಇಲ್ಲಿ ಹೆಚ್ಚು ಫಲಕಾರಿ: ಈ ವಸ್ತುವಿಗೆ ವರ್ಷದ ಯಾವ ತಿಂಗಳಲ್ಲಿ ಕೆಲಸ? ಉತ್ತರವುಂಟಾದರೆ ಭರಣಿ ಉಳಿಯಲಿ. ಚೈತ್ರದಿಂದ ಫಾಲ್ಗುಣದವರೆಗೆ ಎಣಿಸಿದರೂ ಒಂದು ತಿಂಗಳು ಸಿಕ್ಕದಿದ್ದರೆ, ಅದು ಮನೆಯ ವಸ್ತುವಲ್ಲ, ಮನೆಯಲ್ಲಿ ಸಿಕ್ಕಿಬಿದ್ದ ವಸ್ತು.

ಸ್ವತ್ತಿಗೆ ಮೇರೆಯಿಡುವುದೂ, ಕಾಲವನ್ನು ಮುಂದಿಟ್ಟುಕೊಂಡು ಅದನ್ನು ಅಳೆಯುವುದೂ ಈ ನೆಲಕ್ಕೆ ಹೊಸದಲ್ಲ. ಭಟ್ಕಳದ ಚಂದ್ರನಾಥೇಶ್ವರ ಬಸದಿಯನ್ನೂ, ಹಾಡುವಳ್ಳಿಯ ಬಸದಿಗಳನ್ನೂ, ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನೂ ಕಟ್ಟಿದ ಜೈನರು ಗೃಹಸ್ಥನಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣ ಒಂದು: ಸರ್ವಸ್ವವನ್ನೂ ತೊರೆಯುವುದು ಮುನಿಯ ಪಾಲಿನದು, ಶ್ರಾವಕನಾದವನು ತನಗೆ ಇಷ್ಟು ಸಾಕೆಂದು ಮೇರೆಯನ್ನು ತಾನೇ ನಿಶ್ಚಯಿಸಿಕೊಂಡು ಅದನ್ನು ಮೀರಕೂಡದು. ಮುಸಲ್ಮಾನರ ಝಕಾತಿನಲ್ಲಿಯಾದರೋ ಕಾಲವೇ ಮಾನದಂಡ. ಗೊತ್ತಾದ ಮಿತಿಗೆ ಮೇಲ್ಪಟ್ಟ ಸಂಪತ್ತು ಒಂದು ಚಾಂದ್ರವರ್ಷ ಕೈಯಲ್ಲಿಯೇ ನಿಂತಿತೆಂದರೆ, ಅದರಲ್ಲಿ ನಲವತ್ತನೆಯ ಒಂದು ಪಾಲು ಬಡವರಿಗೆ ಸಲ್ಲಬೇಕು. ಮನೆಬಳಕೆಯ ಸಾಮಾನಿಗೆ ಅದು ಅನ್ವಯಿಸದೆಂಬುದು ನಿಜ. ಆದರೂ ವರ್ಷಕ್ಕೊಮ್ಮೆ ಕುಳಿತು ಇದ್ದುದನ್ನೆಲ್ಲ ಎಣಿಸುವ ಅಭ್ಯಾಸವನ್ನು ಧರ್ಮವೇ ಕಲಿಸಿಕೊಟ್ಟಿರುವಾಗ, ಎಣಿಕೆಯನ್ನು ಅಟ್ಟದವರೆಗೂ ವಿಸ್ತರಿಸುವುದು ಕಷ್ಟವಲ್ಲ.

ಇನ್ನೊಂದು ನಿದರ್ಶನಕ್ಕೆ ಹೊನ್ನಾವರದ ಯಕ್ಷಗಾನ ಮೇಳವನ್ನು ನೋಡಬೇಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಇಂಥ ಮೇಳವೊಂದು ಊರೂರು ತಿರುಗುವಾಗ ಇಂದ್ರನ ಅಮರಾವತಿಯೂ ರಾವಣನ ಲಂಕೆಯೂ ಕೌರವನ ಆಸ್ಥಾನವೂ ಕೆಲವೇ ಪೆಟ್ಟಿಗೆಗಳಲ್ಲಿ ಅಡಗಿರುತ್ತವೆ. ಕಿರೀಟ, ಭುಜಕೀರ್ತಿ, ಎದೆಕಟ್ಟು ಪ್ರತಿಯೊಂದೂ ರಾತ್ರಿ ಹೊರಬಂದು ಬೆಳಗಿಗೆ ತನ್ನ ಸ್ಥಾನಕ್ಕೆ ಮರಳುತ್ತದೆ. ತ್ರಿಲೋಕಗಳಿಗೆ ಸಾಕಾದ ಪೆಟ್ಟಿಗೆಗಳು ನಮ್ಮ ಮೂರು ಕೋಣೆಯ ಮನೆಗೆ ಏಕೆ ಸಾಲದೆಂಬುದು ವೇಷ ಕಟ್ಟುವ ಚೌಕಿಯ ಬಳಿ ನಿಂತಾಗಲೆಲ್ಲ ನನಗೆ ಹೊಳೆಯುವ ಪ್ರಶ್ನೆ.

ತೆರವುಗೊಂಡ ಮನೆಯಿಂದ ಆಗುವ ಲಾಭವೇನೆಂದರೆ ಅಲ್ಲಿಗೆ ಋತುಗಳು ಪ್ರವೇಶಿಸಲು ಸಾಧ್ಯವಾಗುತ್ತದೆ. ಜಗಲಿಯ ಮೇಲೆ ಮುರಿದ ಕುರ್ಚಿಗಳ ರಾಶಿಯಿರುವವನು ಆರಿದ್ರಾ ಮಳೆಯನ್ನು ಎಲ್ಲಿ ಕುಳಿತು ನೋಡಬೇಕು? ಹಲಸಿನ ಹಪ್ಪಳವನ್ನು ಕೆಂಡದಲ್ಲಿ ಸುಟ್ಟು ಕೊಬ್ಬರಿಯ ಚೂರಿನೊಡನೆ ಮೆಲ್ಲುವ ಸುಖಕ್ಕೆ ಬೇಕಾಗುವುದು ಒಂದು ಚಾಪೆಯಷ್ಟು ಸ್ಥಳ, ಒಂದು ಘಳಿಗೆಯ ವಿರಾಮ. ಮೊದಲ ಮಳೆಗೆ ಚಿಗುರಿದ ಕುಡಿಗಳ ತಂಬುಳಿ, ಆಷಾಢದ ಕೆಸುವಿನ ಪತ್ರೊಡೆ, ಕಳಲೆಯ ಪಲ್ಯ, ಅಘನಾಶಿನಿಯ ಇಳಿತದಲ್ಲಿ ಹೆಕ್ಕಿದ ಬಳಚು, ಚಳಿಗಾಲದ ಆಲೆಮನೆಯ ಕಬ್ಬಿನ ಹಾಲು, ಕಾದ ಮಡಕೆಯ ಬೆನ್ನಿನ ಮೇಲೆ ಕಾಗದಕ್ಕಿಂತ ತೆಳುವಾಗಿ ಏಳುವ ತೊಡದೇವು, ಮಾಘ ಫಾಲ್ಗುಣಗಳ ಸುರಗಿ ಹೂವು, ಸುಗ್ಗಿಯ ದಿನಗಳಲ್ಲಿ ತುರಾಯಿ ಕಟ್ಟಿ ಕುಣಿಯುತ್ತ ಬರುವ ಹಾಲಕ್ಕಿ ಒಕ್ಕಲಿಗರ ಮೇಳ, ಬೇಸಗೆಯ ಸಂಜೆಗೆ ಭಟ್ಕಳ ಮಲ್ಲಿಗೆಯ ಒಂದು ಮೊಳ, ಅದರ ಬೆನ್ನಿಗೇ ನೆರೆಯ ಅಂಕೋಲೆಯ ಕರಿ ಇಶಾಡು ಮಾವು, 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣು: ಇವುಗಳಲ್ಲಿ ಹೆಚ್ಚಿನವನ್ನು ಮುಂದಿನ ವರ್ಷಕ್ಕೆ ಇರಲಿ ಎಂದು ಕಪಾಟಿನಲ್ಲಿ ಕಟ್ಟಿಡಲಾಗುವುದಿಲ್ಲ. ಮಲ್ಲಿಗೆಯಂತೂ ಮರುದಿನದ ಬೆಳಗಿಗೇ ಕಂದಿಹೋಗುತ್ತದೆ.

ಚೌತಿಯ ಫಲಾವಳಿಯನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಗಣಪತಿಯನ್ನು ಕೂರಿಸುವ ಸ್ಥಳದ ಮೇಲ್ಗಡೆ ಮರದ ಚೌಕಟ್ಟೊಂದನ್ನು ತೂಗಿಬಿಟ್ಟು, ಅದಕ್ಕೆ ಅಡಿಕೆಯ ಗೊನೆ, ಎಳೆಯ ತೆಂಗಿನಕಾಯಿ, ಸೌತೆ, ಹಾಗಲ, ಹಿತ್ತಲಿನಲ್ಲಿ ಆ ವಾರ ಬಿಟ್ಟುದೆಲ್ಲವನ್ನೂ, ಬೇಲಿಯ ಬೆಂಕಿಬಣ್ಣದ ಗೌರಿ ಹೂವನ್ನೂ, ಬೆಟ್ಟದಿಂದ ಮಕ್ಕಳು ತಂದ ಹೆಸರಿಲ್ಲದ ಕಾಡುಕಾಯಿಗಳನ್ನೂ ಸಾಲುಸಾಲಾಗಿ ಕಟ್ಟುವರು. ಯಾವ ಕಾಯಿ ಎಲ್ಲಿ ಸಿಕ್ಕೀತೆಂದು ಹಿರಿಯರು ಹೇಳುವುದು, ಕಿರಿಯರು ಮಳೆಯಲ್ಲಿ ನೆನೆಯುತ್ತ ಹುಡುಕಿ ತರುವುದು, ಇವೇ ಹಬ್ಬದ ಅರ್ಧ ಭಾಗ; ಭಾದ್ರಪದದ ಸಸ್ಯಸಂಪತ್ತಿನ ಪರಿಚಯ ಹುಡುಗರಿಗೆ ಯಾವ ಪಾಠಶಾಲೆಯಲ್ಲಿಯೂ ಇಷ್ಟು ಚೆನ್ನಾಗಿ ಆಗಲಾರದು. ಗಣಪತಿ ನೀರಿಗೆ ಹೋದ ಮೇಲೆ ಕಾಯಿಗಳು ಅಡುಗೆಮನೆಗೆ, ಸೊಪ್ಪು ಗೊಬ್ಬರದ ಗುಂಡಿಗೆ, ಚೌಕಟ್ಟು ಮಾತ್ರ ಅಟ್ಟಕ್ಕೆ. ಇದರ ಬದಲಿಗೆ ಪೇಟೆಯಿಂದ ತಂದ ಪ್ಲಾಸ್ಟಿಕ್ ಹೂಮಾಲೆ, ಥರ್ಮೋಕೋಲಿನ ಮಂಟಪ, ಮಿಣುಕು ದೀಪದ ಸರಗಳಿಂದ ಅಲಂಕರಿಸುವ ಮನೆಗಳು ಹೆಚ್ಚುತ್ತಿವೆ. ಆ ಮಂಟಪ ಮೂರನೆಯ ವರ್ಷಕ್ಕೆ ಮುರಿದು, ಎಸೆಯಲು ಮನಸ್ಸಾಗದೆ, ದೇವರದೆಂಬ ಭಯವೂ ಸೇರಿ, ಅಟ್ಟದಲ್ಲಿ ಶಾಶ್ವತವಾಗಿ ಪ್ರತಿಷ್ಠಾಪಿತವಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನ ಬಡತನವನ್ನು ಸರಳತೆಯೆಂದು ಹೊಗಳುತ್ತಿರುವೆನೆಂದು ತಿಳಿಯಬಾರದು. ಒಂದು ಸೀರೆ ಒಗೆದು ಒಣಗುವವರೆಗೆ ಕಾಯಬೇಕಾದವಳಿಗೆ ಎರಡನೆಯ ಸೀರೆ ಸಿಕ್ಕಿದುದು ಪುಣ್ಯವೇ. ಹೊಗೆಯ ಒಲೆ ಹೋಗಿ ಗ್ಯಾಸು ಬಂದುದನ್ನು, ಕಲ್ಲಿನ ಒರಳು ಹೋಗಿ ಗ್ರೈಂಡರು ಬಂದುದನ್ನು ಅಳುವವರು ಸಾಮಾನ್ಯವಾಗಿ ರುಬ್ಬಿದವರಲ್ಲ. ಅಂತೆಯೇ ಮನೆ ತೆರವುಗೊಳಿಸುವ ದುಡಿಮೆಯೂ ಹೆಂಗಸರ ಹೆಗಲಿಗೇ ಬೀಳುತ್ತಿರುವುದು ಅನ್ಯಾಯ. ಅಡುಗೆಮನೆಯ ಡಬ್ಬಿಗಳ ವಿಷಯದಲ್ಲಿ ಉಪದೇಶ ಮಾಡುವ ಯಜಮಾನನು, ಇಪ್ಪತ್ತು ವರ್ಷದ ವಿದ್ಯುತ್ ರಸೀತಿಗಳನ್ನೂ, ಯಾವ ಯಂತ್ರಕ್ಕೆ ಸೇರಿದುವೆಂದು ತನಗೇ ತಿಳಿಯದ ತಂತಿಗಳನ್ನೂ, ಕೆಟ್ಟ ಮೊಬೈಲುಗಳನ್ನೂ ತುಂಬಿಟ್ಟ ತನ್ನ ಮೇಜಿನ ಖಾನೆಯನ್ನು ಮೊದಲು ಎಳೆಯಲಿ.

ಕೆಲಸಕ್ಕೆ ಪ್ರಶಸ್ತವಾದ ಕಾಲ ವೈಶಾಖ. ಬಿಸಿಲು ಪ್ರಖರವಾಗಿರುತ್ತದೆ, ರಜೆಗೆಂದು ಮಕ್ಕಳೂ ಊರಿಗೆ ಬಂದಿರುತ್ತಾರೆ. ಅವರ ವಸ್ತುಗಳ ವಿಲೇವಾರಿಗೆ ಅವರೇ ಇರುವುದು ಲೇಸು. ಒಂದು ದಿನಕ್ಕೆ ಒಂದೇ ಅಟ್ಟ ಅಥವಾ ಒಂದೇ ಕಪಾಟು ಸಾಕು: ಎಲ್ಲವನ್ನೂ ಅಂಗಳಕ್ಕಿಳಿಸಿ ಬಿಸಿಲಿಗೆ ಹಾಕಿ, ತಿಂಗಳ ಪ್ರಶ್ನೆಯನ್ನು ಕೇಳಿ, ಉಳಿದುದನ್ನು ಗೋಡೆಗೆ ನಾಲ್ಕು ಬೆರಳು ದೂರವಿಟ್ಟು ಗಾಳಿಯಾಡುವಂತೆ ಜೋಡಿಸಬೇಕು. ಉಪಯೋಗಕ್ಕೆ ಬರುವುದನ್ನು ಹರಿಯುವ ಮುನ್ನವೇ, ಬೂಷ್ಟು ಹತ್ತುವ ಮುನ್ನವೇ ಕೊಟ್ಟುಬಿಡಬೇಕು. ಕೊಳೆತ ಮೇಲೆ ಕೊಡುವುದು ದಾನವಲ್ಲ. ಪ್ಲಾಸ್ಟಿಕ್ಕನ್ನು ಹಿತ್ತಲಿನಲ್ಲಿ ಸುಡುವುದೂ, ಸೇತುವೆಯ ಮೇಲಿನಿಂದ ಶರಾವತಿಗೆ ಎಸೆಯುವುದೂ ಮನೆಯ ಕಸವನ್ನು ಊರಿನ ತಲೆಗೆ ಕಟ್ಟುವ ಕೆಲಸ.

ಕೊನೆಯದಾಗಿ ಒಂದು ಬಿನ್ನಹ. ಈ ಮೂರು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಅಟ್ಟ ತೆರವುಗೊಳಿಸುವಾಗ, ಬಟ್ಟೆಯಲ್ಲಿ ಸುತ್ತಿದ ತಾಳೆಗರಿಯ ಕಟ್ಟುಗಳು, ಕೈಬರಹದ ಯಕ್ಷಗಾನ ಪ್ರಸಂಗಗಳು, ಭಟ್ಕಳದ ಕಡೆಯಲ್ಲಾದರೆ ಅಜ್ಜಂದಿರ ವ್ಯಾಪಾರದ ಕಡತಗಳು ದೊರೆಯುವ ಸಂಭವವುಂಟು. ಅವುಗಳಿಗೆ ವರ್ಷದ ಯಾವ ತಿಂಗಳಲ್ಲಿಯೂ ಕೆಲಸವಿಲ್ಲವೆಂಬುದು ಸತ್ಯ; ಆದರೂ ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ, ದಯಮಾಡಿ, ಓದಬಲ್ಲವರೊಬ್ಬರಿಗೆ ತೋರಿಸಿರಿ.